ದಣಿವನ್ನು ಅಳೆಯುವವರು ಯಾರು?

ದೀಪಾವಳಿ ಮುಗಿಯಿತೆಂದರೆ ರಾಯಬಾಗ ತಾಲ್ಲೂಕಿನಲ್ಲಿ ಕಬ್ಬಿನ ಹಂಗಾಮು ರಂಗೇರುತ್ತದೆ. ಕೃಷ್ಣೆಯ ದಂಡೆಯ ಹೊಲಗಳಿಂದ ಕಾರ್ಖಾನೆಗಳತ್ತ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಓಡುತ್ತವೆ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಟನ್ನಿನ ಲೆಕ್ಕದಲ್ಲಿ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ ಸವರಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಹಾಕುತ್ತಾಳೆ. ಮುಂಗಡ ಹಣವನ್ನು ಹಂಗಾಮಿಗೆ ಮೊದಲೇ ಪಡೆದು ಬಂದವರು ಅವರು. ಅದು ತೀರುವ ತನಕ ಮೈ ಬಗ್ಗಲೇಬೇಕು. ಕಡಿದ ಕಬ್ಬು ಎಷ್ಟೆಂದು ಹೇಳಲು ಕಾರ್ಖಾನೆಯ ಬಾಗಿಲಲ್ಲೇ ತೂಕದ ಕಾಟಾ ಇದೆ. ಕಡಿದವರು ಎಷ್ಟು ದಣಿದರು ಎಂದು ಹೇಳುವ ಕಾಟಾ ಎಲ್ಲಿಯೂ ಇಲ್ಲ.

ಇಂಥ ಸೀಮೆಯಲ್ಲಿ ಒಬ್ಬರು, ‘ಮೈಯಾಗ ಕಸುವಿಲ್ಲ. ನಿನ್ನೆ ತುಸು ದುಡಿದೆ, ಇವತ್ತ ಏಳೂದ ಆಗವಲ್ದು’ ಎಂದರೆ ಮನೆಯವರು ಏನೆಂದುಕೊಳ್ಳಬೇಕು? ಜ್ವರವಿಲ್ಲ, ಬಾವಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿದೆ. ಒಂದು ವಾರ ಸುಮ್ಮನಿದ್ದವರು ಎರಡನೆಯ ವಾರ ಗೊಣಗುತ್ತಾರೆ, ಮೂರನೆಯ ವಾರ ‘ಮೈಗಳ್ಳ’ ಎಂಬ ಮಾತು ಬಂದೇ ಬರುತ್ತದೆ. ಹೆಂಗಸಾದರೆ ಆ ಮಾತು ಇನ್ನೂ ಬೇಗ ಬರುತ್ತದೆ.

ಆದರೆ ಹೀಗೆ ನಡೆದುಕೊಳ್ಳುವ ಒಂದು ಕಾಯಿಲೆ ನಿಜವಾಗಿಯೂ ಇದೆ. ವೈದ್ಯರು ಅದನ್ನು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂದು ಕರೆಯುತ್ತಾರೆ. ಬ್ರಿಟನ್ನಿನಲ್ಲಿ ‘ಮಯಾಲ್ಜಿಕ್ ಎನ್‌ಸೆಫಲೊಮೈಲೈಟಿಸ್’ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. ಹಲವು ಸಲ ಅದು ಸಾಧಾರಣ ವೈರಸ್ ಜ್ವರದಿಂದ ಆರಂಭವಾಗುತ್ತದೆ. ಜ್ವರ ಹೋಗುತ್ತದೆ, ದಣಿವು ಉಳಿಯುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಎಷ್ಟು ಮಲಗಿದರೂ ನಿದ್ದೆಯಿಂದ ಚೇತರಿಕೆ ಇಲ್ಲ, ತಲೆಗೆ ಮಂಕು ಕವಿದಂತೆ, ಎದ್ದು ನಿಂತರೆ ತಲೆ ಸುತ್ತು. ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಇರಬಹುದು. ಇದರ ಗುರುತಿನ ಲಕ್ಷಣ ಬೇರೆಯೇ: ಶಕ್ತಿ ಮೀರಿ ಏನಾದರೂ ಮಾಡಿದರೆ ಅದರ ಪೆಟ್ಟು ಕೂಡಲೇ ಗೊತ್ತಾಗುವುದಿಲ್ಲ. ಹನ್ನೆರಡು ಗಂಟೆಗೋ, ಮರುದಿನವೋ, ಕೆಲವೊಮ್ಮೆ ಎರಡು ದಿನ ಕಳೆದೋ ಮೈ ಕುಸಿಯುತ್ತದೆ. ಕುಸಿದರೆ ಏಳಲು ದಿನಗಳು, ವಾರಗಳು ಬೇಕು. ನಿನ್ನೆ ಹೊಲದಲ್ಲಿ ಕಂಡವನು ಇಂದು ಹಾಸಿಗೆ ಬಿಟ್ಟು ಏಳದಿದ್ದರೆ ನೋಡುವವರಿಗೆ ಅದು ನಾಟಕವಾಗಿ ಕಾಣುವುದು ಇದರಿಂದಲೇ.

ಈ ರೋಗಿ ಎಷ್ಟು ದುಡಿಯಬೇಕು, ಎಷ್ಟು ಮಲಗಬೇಕು ಎಂಬ ಪ್ರಶ್ನೆಗೆ ವೈದ್ಯಲೋಕ ನೂರೈವತ್ತು ವರ್ಷಗಳಲ್ಲಿ ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ದಣಿವಿನಲ್ಲಿ ಎರಡು ಬಗೆಯಿದೆ ಎಂಬುದು ನಮ್ಮ ಹಳಬರಿಗೆ ತಿಳಿದಿತ್ತು. ದುಡಿದು ಬರುವುದು ‘ಶ್ರಮ’. ದುಡಿಯದೆಯೇ ಮೈಯಲ್ಲಿ ಹೆಚ್ಚುವ, ಏದುಸಿರೂ ಇಲ್ಲದ, ಆದರೆ ಇಂದ್ರಿಯಗಳ ಕೆಲಸಕ್ಕೆ ಅಡ್ಡ ಬರುವ ದಣಿವಿಗೆ ಸುಶ್ರುತಸಂಹಿತೆ ‘ಕ್ಲಮ’ ಎಂಬ ಬೇರೆ ಹೆಸರನ್ನೇ ಕೊಟ್ಟಿದೆ. ಇದನ್ನೇ ಇಂದಿನ ರೋಗವೆಂದು ಸಾಧಿಸಹೊರಡುವುದು ಅತಿಯಾದೀತು; ಆದರೆ ಬೇರೆ ಹೆಸರು ಬೇಕೆನ್ನಿಸಿತ್ತು ಎಂಬುದು ಗಮನಿಸಬೇಕಾದ ಸಂಗತಿ. ವ್ಯಾಯಾಮವನ್ನು ಹೊಗಳುವ ಅದೇ ಗ್ರಂಥ, ವಾಗ್ಭಟನ ಅಷ್ಟಾಂಗಹೃದಯವೂ ಸೇರಿದಂತೆ, ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬ ಮಿತಿಯನ್ನೂ ಹಾಕಿದೆ. ಮಿತಿ ಮೀರಿದರೆ ಬರುವ ಕೇಡುಗಳನ್ನು ಚರಕ ಪಟ್ಟಿ ಮಾಡಿದ್ದಾನೆ. ಶ್ರಮವನ್ನು ಪರಿಹರಿಸುವ ಹತ್ತು ದ್ರವ್ಯಗಳನ್ನೂ ಅವನು ಎಣಿಸಿದ್ದಾನೆ: ದ್ರಾಕ್ಷಿ, ಖರ್ಜೂರ, ದಾಳಿಂಬೆ, ಜವೆಗೋಧಿ ಇತ್ಯಾದಿ. ಅವುಗಳಲ್ಲಿ ಕಬ್ಬೂ ಒಂದು! ರಾಯಬಾಗದ ಗ್ಯಾಂಗಿನವರಿಗೆ ಇದನ್ನು ಹೇಳಿದರೆ ನಕ್ಕಾರು.

ಅರ್ಧ ಬಲದ ಈ ಮಾತು ಗ್ರಂಥದಲ್ಲೇ ಉಳಿಯಿತು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರ ಕಾಲದಲ್ಲಿ ಆ ಸಂಸ್ಥಾನ ಕುಸ್ತಿಯ ತವರೆನಿಸಿತು. 1912ರಲ್ಲಿ ಕೊಲ್ಹಾಪುರದ ಖಾಸಬಾಗ ಕುಸ್ತಿ ಮೈದಾನ ಸಿದ್ಧವಾಯಿತು. ಗಡಿಯ ಈಚೆಗೂ ಊರೂರಲ್ಲಿ ತಾಲೀಮಖಾನೆಗಳು ಎದ್ದವು. ಗರಡಿಯ ನೀತಿ ಸರಳ: ಇಂದು ನೂರು ಬಸ್ಕಿ, ನಾಳೆ ನೂರಾಹತ್ತು. ಆರೋಗ್ಯವಂತನ ಮೈಗೆ ಇದು ಸರಿಯಾದ ಲೆಕ್ಕವೇ. ದಣಿದ ಸ್ನಾಯು ವಿಶ್ರಾಂತಿಯ ನಂತರ ಮೊದಲಿಗಿಂತ ಗಟ್ಟಿಯಾಗುತ್ತದೆ. ಈ ರೋಗದಲ್ಲಿ ಎಡವಟ್ಟಾಗುವುದೂ ಅಲ್ಲೇ. ಇಲ್ಲಿ ನೂರಾಹತ್ತಕ್ಕೆ ಹೋದವನು ಮರುದಿನ ಹತ್ತಕ್ಕೆ ಇಳಿಯುತ್ತಾನೆ.

ಪಾಶ್ಚಾತ್ಯ ವೈದ್ಯರು ಮೊದಲು ಹಿಡಿದದ್ದು ವಿಶ್ರಾಂತಿಯ ದಾರಿ. 1869ರಲ್ಲಿ ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ‘ನ್ಯೂರಸ್ತೇನಿಯಾ’ ಎಂಬ ಹೆಸರಿನಲ್ಲಿ ನರಗಳ ಬಳಲಿಕೆಯನ್ನು ವಿವರಿಸಿದ. ನಾಗರಿಕತೆಯ ಧಾವಂತದಲ್ಲಿ ನರಗಳ ಶಕ್ತಿ ಬರಿದಾಗುತ್ತದೆ ಎಂಬುದು ಅವನ ಊಹೆ. ಫಿಲಡೆಲ್ಫಿಯಾದ ವೈರ್ ಮಿಚೆಲ್ ಅದಕ್ಕೆ ಚಿಕಿತ್ಸೆಯನ್ನೂ ರೂಪಿಸಿದ. ರೋಗಿಯನ್ನು ಆರೆಂಟು ವಾರ ಹಾಸಿಗೆಗೆ ಹಾಕಿ, ಹಾಲು ಕುಡಿಸಿ, ಮೈ ತಿಕ್ಕಿಸಿ, ಓದು ಬರಹ ಎರಡನ್ನೂ ನಿಲ್ಲಿಸುವುದು. ಇವನ ಬಳಿ 1887ರಲ್ಲಿ ಚಿಕಿತ್ಸೆ ಪಡೆದ ಲೇಖಕಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್, ಅಂಥ ವಿಶ್ರಾಂತಿ ಹೇಗೆ ಹುಚ್ಚು ಹಿಡಿಸುತ್ತದೆಂದು 1892ರಲ್ಲಿ ಕತೆಯನ್ನೇ ಬರೆದಳು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೂ ಈ ಹೆಸರು ಅನುಕೂಲವಾಯಿತು. ‘ಉಷ್ಣವಲಯದ ನ್ಯೂರಸ್ತೇನಿಯಾ’ ಎಂದು ವೈದ್ಯರು ಬರೆದುಕೊಟ್ಟರೆ ಗಿರಿಧಾಮಕ್ಕೋ ಸ್ವದೇಶಕ್ಕೋ ರಜೆ ಸಿಗುತ್ತಿತ್ತು. ಅದೇ ಬಿಸಿಲಲ್ಲಿ ದಣಿದ ಕೂಲಿಯವನಿಗೆ ಅಂಥ ಚೀಟಿ ಬರೆದವರಿಲ್ಲ, ಅವನದು ಸೋಮಾರಿತನ. ಅಮೆರಿಕದ ದಕ್ಷಿಣ ಭಾಗದ ಬಡವರನ್ನೂ ಹೀಗೆಯೇ ಹಳಿಯುತ್ತಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್, ಅದಕ್ಕೆ ಕಾರಣ ಕರುಳಿನ ಕೊಕ್ಕೆಹುಳು ಎಂದು ತೋರಿಸಿದಾಗ ಪತ್ರಿಕೆಗಳು ‘ಸೋಮಾರಿತನದ ಕ್ರಿಮಿ ಸಿಕ್ಕಿತು’ ಎಂದು ತಮಾಷೆ ಮಾಡಿದವು.

ರಾಯಬಾಗದವರಿಗೆ ‘ವಿಶ್ರಾಂತಿಯೇ ಔಷಧ’ ಎಂಬ ಮಾತಿನ ಆಧುನಿಕ ರೂಪ ಕಂಡಿರಬಹುದಾದ ಜಾಗ ಮೀರಜ. ರಾಯಬಾಗ, ಕುಡಚಿ, ಉಗಾರ ನಿಲ್ದಾಣಗಳಲ್ಲಿ ರೈಲು ಹತ್ತಿದರೆ ಸಿಗುವ ದೊಡ್ಡ ಊರು ಅದು. ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು; ಕ್ಷಯರೋಗಿಗಳ ಸ್ಯಾನಿಟೋರಿಯಂ ಬಂದ ಜಾಗಕ್ಕೆ ಮುಂದೆ ವಾನ್ಲೆಸ್‌ವಾಡಿ ಎಂದೇ ಹೆಸರಾಯಿತು. ಮೈಸೂರಿನಲ್ಲಿಯೂ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಅದೇ ಕಾಲದಲ್ಲಿ ತಲೆಯೆತ್ತಿತು. ಕ್ಷಯಕ್ಕೆ ಮದ್ದಿಲ್ಲದ ಆ ದಿನಗಳಲ್ಲಿ ಸ್ಯಾನಿಟೋರಿಯಂ ಎಂದರೆ ಶುದ್ಧ ಗಾಳಿ, ಒಳ್ಳೆಯ ಊಟ ಮತ್ತು ಅಳತೆಯ ವಿಶ್ರಾಂತಿ. ಈ ಅಳತೆಯನ್ನು ತೀರ ಸೂಕ್ಷ್ಮಕ್ಕೆ ಒಯ್ದವನು ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಿಟೋರಿಯಂನ ಮಾರ್ಕಸ್ ಪ್ಯಾಟರ್ಸನ್. 1905ರಿಂದ ಅವನು ರೋಗಿಗಳಿಗೆ ಮೊದಲು ಅರ್ಧ ಮೈಲು ನಡಿಗೆ, ಅದು ಒಗ್ಗಿದರೆ ಇನ್ನಷ್ಟು ದೂರ, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರುವುದು, ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಗುದ್ದಲಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಹಚ್ಚಿದ. ದಿನವೂ ಥರ್ಮಾಮೀಟರು ಇಟ್ಟು ನೋಡುತ್ತಿದ್ದರು. ಜ್ವರ ಏರಿದರೆ ಕೆಲಸ ನಿಂತಿತು, ಮತ್ತೆ ಹಾಸಿಗೆ. ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಸರಿಯಬೇಕು ಎಂದು ಹೇಳುತ್ತಿದ್ದುದು ರೋಗಿಯ ಹಟವಲ್ಲ, ವೈದ್ಯನ ಊಹೆಯೂ ಅಲ್ಲ, ಪಾದರಸ.

ಈ ಇಡೀ ಕಟ್ಟಡವನ್ನು ಉರುಳಿಸಿದ್ದು ಭಾರತದ್ದೇ ಒಂದು ಪ್ರಯೋಗ. 1956ರಲ್ಲಿ ಮದ್ರಾಸಿನಲ್ಲಿ ತೆರೆದ ಕ್ಷಯ ಸಂಶೋಧನ ಕೇಂದ್ರ ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಿಟೋರಿಯಂನಲ್ಲಿಟ್ಟು, ಇನ್ನೊಂದನ್ನು ಮನೆಯಲ್ಲೇ ಬಿಟ್ಟು, ಎರಡಕ್ಕೂ ಒಂದೇ ಮಾತ್ರೆ ಕೊಟ್ಟಿತು. ಮನೆಯವರಿಗೆ ಊಟ ಕಡಿಮೆ, ದುಡಿತ ಹೆಚ್ಚು, ಜಾಗ ಇಕ್ಕಟ್ಟು. ಆದರೂ 1959ರಲ್ಲಿ ಫಲಿತಾಂಶ ಬಂದಾಗ ಅವರು ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ವಿಶ್ರಾಂತಿಯ ಮಹತ್ವ ಒಂದೇ ಏಟಿಗೆ ಇಳಿಯಿತು. ಬಡದೇಶಗಳಿಗೆ ಅದು ವರದಾನವಾಯಿತು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಕ್ಷಯಕ್ಕೆ ಮಾತ್ರೆ ಇತ್ತು. ಮಾತ್ರೆಯಿಲ್ಲದ ಕಾಯಿಲೆಗೂ ವಿಶ್ರಾಂತಿ ಬೇಡವೇ ಎಂಬ ಪ್ರಶ್ನೆಯನ್ನು ಮದ್ರಾಸಿನ ಪ್ರಯೋಗ ಕೇಳಿರಲೂ ಇಲ್ಲ, ಉತ್ತರಿಸಿರಲೂ ಇಲ್ಲ.

ಅಂಥ ಕಾಯಿಲೆಯೊಂದು ಅದಕ್ಕೆ ಒಂದು ವರ್ಷ ಮುಂಚೆ ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ಬಾಗಿಲನ್ನೇ ಮುಚ್ಚಿಸಿತ್ತು. 1955ರ ಜುಲೈಯಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ದಾದಿಯರು, ವೈದ್ಯರು ಒಬ್ಬೊಬ್ಬರಾಗಿ ಮಲಗತೊಡಗಿದರು. ನವೆಂಬರಿನ ಹೊತ್ತಿಗೆ ಕಾಯಿಲೆ ಬಿದ್ದ ಸಿಬ್ಬಂದಿ 292. ಸೋಜಿಗವೆಂದರೆ ಅಲ್ಲಿ ಮೊದಲೇ ದಾಖಲಾಗಿದ್ದ ರೋಗಿಗಳಲ್ಲಿ ಇದು ತಗಲಿದ್ದು ಹನ್ನೆರಡು ಮಂದಿಗೆ ಮಾತ್ರ. ಗಂಟಲು ನೋವು, ತಲೆನೋವು, ಸ್ನಾಯುಗಳಲ್ಲಿ ನೋವು, ಆಮೇಲೆ ಬಿಡದ ನಿತ್ರಾಣ. ಸೋಂಕುರೋಗ ತಜ್ಞ ಮೆಲ್ವಿನ್ ರಾಮ್ಸೆ ಈ ರೋಗಿಗಳನ್ನು ಮುಂದೆ ಮೂವತ್ತು ವರ್ಷ ಬಿಡದೆ ಗಮನಿಸಿದರು. ಸಣ್ಣ ಶ್ರಮದ ನಂತರವೂ ಸ್ನಾಯುವಿಗೆ ಕಸುವು ಮರಳಲು ಮೂರು, ನಾಲ್ಕು, ಐದು ದಿನ ಹಿಡಿಯುತ್ತದೆ. ಇದೇ ಈ ಕಾಯಿಲೆಯ ತಿರುಳು ಎಂಬುದು ಅವರು ಕಂಡುಕೊಂಡ ಸಂಗತಿ. ಆರಂಭದಲ್ಲೇ ಪೂರ್ಣ ವಿಶ್ರಾಂತಿ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು ಎಂದೂ ಅವರು ಬರೆದರು.

ಅವರ ಮಾತು ಬಹುಕಾಲ ಅರಣ್ಯರೋದನವಾಯಿತು. 1970ರಲ್ಲಿ ಮೆಕ್‌ಇವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು (ಈ ಬಿಯರ್ಡ್ ನ್ಯೂಯಾರ್ಕಿನವನಲ್ಲ) ಹಳೆಯ ಕಡತಗಳನ್ನು ತಿರುವಿ, ರಾಯಲ್ ಫ್ರೀಯಲ್ಲಿ ನಡೆದದ್ದು ಸಾಮೂಹಿಕ ಉನ್ಮಾದ ಎಂದು ತೀರ್ಮಾನಿಸಿದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಮುಖ್ಯ ಆಧಾರಗಳಲ್ಲಿ ಒಂದು. ಒಬ್ಬ ರೋಗಿಯನ್ನೂ ಅವರು ಮುಟ್ಟಿ ನೋಡಿರಲಿಲ್ಲ. 1984ರ ಸುಮಾರಿಗೆ ಅಮೆರಿಕದ ನೆವಾಡಾದ ಇನ್‌ಕ್ಲೈನ್ ವಿಲೇಜ್ ಎಂಬಲ್ಲಿ ಇಂಥದೇ ಕಾಯಿಲೆ ಹಬ್ಬಿದಾಗ ಪತ್ರಿಕೆಗಳು ಅದನ್ನು ಹಣವಂತ ತರುಣರ ಜ್ವರ ಎಂದು ಗೇಲಿ ಮಾಡಿದವು. 1988ರಲ್ಲಿ ಅಲ್ಲಿನ ಸರ್ಕಾರಿ ತಜ್ಞರು ಕೊಟ್ಟ ಹೆಸರೇ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಹೆಸರೇ ಒಂದು ಅನ್ಯಾಯ ಎಂದು ರೋಗಿಗಳು ಇಂದಿಗೂ ದೂರುತ್ತಾರೆ. ದಣಿವು ಯಾರಿಗಿಲ್ಲ?

ಉನ್ಮಾದವೆಂಬ ಮಾತಿನಿಂದ ಚಿಕಿತ್ಸೆಯೂ ಹುಟ್ಟಿತು. ರೋಗಿ ದುಡಿತಕ್ಕೆ ಹೆದರಿ ಮಲಗುತ್ತಾನೆ, ಮಲಗಿದ್ದರಿಂದ ಮೈ ಸೊರಗುತ್ತದೆ, ಸೊರಗಿದ್ದರಿಂದ ಮತ್ತೆ ಹೆದರುತ್ತಾನೆ. ಈ ಸುಳಿಯಿಂದ ಹೊರತರಲು ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತ ಹೋಗಬೇಕು. ಗರಡಿಯ ಲೆಕ್ಕ ಬಿಳಿ ಕೋಟು ತೊಟ್ಟು ಬಂದಂತಾಯಿತು. ಪ್ಯಾಟರ್ಸನ್ನನ ಮೆಟ್ಟಿಲುಗಳೇ ಇವು. ಆದರೆ ಅವನ ಥರ್ಮಾಮೀಟರು ಇಲ್ಲಿ ಇರಲಿಲ್ಲ. ರೋಗಿ ‘ಹೆಚ್ಚಾಯಿತು, ಕುಸಿದೆ’ ಎಂದರೆ ಅದು ಹಿಂದೆ ಸರಿಯಬೇಕೆಂಬ ಸೂಚನೆಯಾಗಲಿಲ್ಲ, ಅವನ ಹೆದರಿಕೆಗೆ ಪುರಾವೆಯಾಯಿತು. ಬ್ರಿಟನ್ನಿನ ನೈಸ್ ಎಂಬ ಸರ್ಕಾರಿ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2007ರಲ್ಲಿ ಈ ಚಿಕಿತ್ಸೆಗೆ ಮುದ್ರೆಯೊತ್ತಿತು. 641 ರೋಗಿಗಳ ಮೇಲೆ ನಡೆದ ‘ಪೇಸ್’ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ವ್ಯಾಯಾಮ ಮತ್ತು ಮನೋಚಿಕಿತ್ಸೆಗಳಿಂದ ಗುಣ ಕಾಣುತ್ತದೆ, ಶಕ್ತಿಯನ್ನು ಅಳೆದು ಬಳಸುವ ಕ್ರಮದಿಂದ ಹೇಳಿಕೊಳ್ಳುವ ಲಾಭವಿಲ್ಲ ಎಂಬುದು ಅದರ ಸಾರ. 2013ರ ಇನ್ನೊಂದು ಲೇಖನ, ಈ ಎರಡು ಚಿಕಿತ್ಸೆಗಳಲ್ಲಿ ನೂರಕ್ಕೆ 22 ಮಂದಿ ಪೂರ್ತಿ ಚೇತರಿಸಿಕೊಂಡರು ಎಂದಿತು.

ಇಲ್ಲಿಂದ ಮುಂದಿನ ಕತೆಯನ್ನು ನಡೆಸಿದವರು ರೋಗಿಗಳು. ಹಾಸಿಗೆ ಹಿಡಿದವರೇ ಲೇಖನದ ಅಂಕಿಗಳನ್ನು ಸಾಲುಸಾಲಾಗಿ ಓದಿದರು. ಕಂಡದ್ದು ವಿಚಿತ್ರ. ದೈಹಿಕ ಸಾಮರ್ಥ್ಯದ ನೂರು ಅಂಕದ ಪ್ರಶ್ನಾವಳಿಯಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ರೋಗಿಯೆಂದು ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. 60 ಬಂದರೆ ಆ ಅಳತೆಯಲ್ಲಿ ಚೇತರಿಸಿಕೊಂಡಂತೆ ಎಂದು ಎಣಿಸಿದ್ದರು. ಅಂದರೆ 65ರಿಂದ 60ಕ್ಕೆ ಜಾರಿದವನೂ ಈ ಅಳತೆಯಲ್ಲಿ ತೇರ್ಗಡೆ! ಆಸ್ಟ್ರೇಲಿಯಾದ ಒಬ್ಬ ರೋಗಿ ಮಾಹಿತಿ ಹಕ್ಕಿನ ಅಡಿಯಲ್ಲಿ ಮೂಲ ಅಂಕಿಅಂಶ ಕೇಳಿದರು. ವಿಶ್ವವಿದ್ಯಾಲಯ ಒಪ್ಪಲಿಲ್ಲ. 2016ರಲ್ಲಿ ಬ್ರಿಟನ್ನಿನ ನ್ಯಾಯಮಂಡಳಿ ಕೊಡಬೇಕೆಂದು ಆದೇಶಿಸಿತು. ಪ್ರಯೋಗದ ಆರಂಭದಲ್ಲಿ ಹಾಕಿಕೊಂಡಿದ್ದ ಮಾನದಂಡವನ್ನೇ ಹಿಡಿದು ಬೇರೆ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ 22 ಎಂಬುದು ಮನೋಚಿಕಿತ್ಸೆಯಲ್ಲಿ 7ಕ್ಕೂ ವ್ಯಾಯಾಮದಲ್ಲಿ 4ಕ್ಕೂ ಇಳಿಯಿತು. ಪ್ರಯೋಗ ನಡೆಸಿದವರು ತಮ್ಮ ತೀರ್ಮಾನವನ್ನು ಬಿಟ್ಟುಕೊಡಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಆದರೆ 2021ರ ಅಕ್ಟೋಬರಿನಲ್ಲಿ ನೈಸ್ ತನ್ನ ಹಳೆಯ ಸಲಹೆಯನ್ನು ಹಿಂತೆಗೆದುಕೊಂಡಿತು. ನಿಗದಿ ಪ್ರಮಾಣದಲ್ಲಿ ಏರಿಸುತ್ತ ಹೋಗುವ ವ್ಯಾಯಾಮವನ್ನು ಈ ರೋಗಿಗಳಿಗೆ ಕೊಡಬಾರದು, ಶಕ್ತಿಯ ಮಿತಿಯೊಳಗೆ ಬದುಕಲು ನೆರವಾಗಬೇಕು ಎಂದಿತು.

ಈ ನಡುವೆ ಥರ್ಮಾಮೀಟರಿನಂಥದೊಂದು ಸಾಧನವೂ ಸಿಕ್ಕಿತ್ತು. ರೋಗಿಯನ್ನು ಸೈಕಲ್ ತುಳಿಸಿ ಉಸಿರಿನ ಅನಿಲಗಳನ್ನು ಅಳೆದು, ಇಪ್ಪತ್ತನಾಲ್ಕು ಗಂಟೆಯ ನಂತರ ಮತ್ತೆ ಅದೇ ಪರೀಕ್ಷೆ ಮಾಡುವುದು. ಆರೋಗ್ಯವಂತರಲ್ಲಿ ಎರಡೂ ದಿನದ ಫಲ ಹೆಚ್ಚು ಕಡಿಮೆ ಒಂದೇ. ಈ ರೋಗಿಗಳಲ್ಲಿ ಎರಡನೆಯ ದಿನ ಸಾಮರ್ಥ್ಯ ಕುಸಿಯುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕೋವಿಡ್ ನಂತರ ಇಂಥದೇ ದಣಿವಿನಲ್ಲಿ ಸಿಲುಕಿದವರ ತೊಡೆಯ ಸ್ನಾಯುವಿನ ಚೂರನ್ನು ವ್ಯಾಯಾಮದ ಮೊದಲು ಮತ್ತು ನಂತರ ತೆಗೆದು ನೋಡಿದ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು, ವ್ಯಾಯಾಮದಿಂದ ಸ್ನಾಯುವಿಗೆ ಹಾನಿ ಹೆಚ್ಚಿದ್ದನ್ನು 2024ರಲ್ಲಿ ವರದಿ ಮಾಡಿದರು. 2025ರಲ್ಲಿ 15,579 ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದ ಬ್ರಿಟನ್ನಿನ ಅಧ್ಯಯನವೊಂದರ ಪ್ರಾಥಮಿಕ ವರದಿ, ಈ ರೋಗದೊಂದಿಗೆ ನಂಟು ತೋರುವ ಎಂಟು ತಾಣಗಳನ್ನು ಗುರುತಿಸಿತು. ಮದ್ದು ಮಾತ್ರ ಇನ್ನೂ ಬಂದಿಲ್ಲ.

ಮದ್ದಿಲ್ಲದ ಕಾರಣ ಉಳಿದಿರುವುದು ಮಿತವ್ಯಯವೊಂದೇ. ಷಿಕಾಗೋದ ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಜೇಸನ್ ಇದನ್ನು ಹಣ ಹಾಕಿಡುವ ಲಕೋಟೆಯಂತೆ ವಿವರಿಸಿದ್ದಾರೆ: ದಿನಕ್ಕೆ ಇಷ್ಟೇ ಶಕ್ತಿ, ಅದರೊಳಗೆ ಖರ್ಚು. ಆಚರಣೆಯಲ್ಲಿ ಇದು ಕೇಳಿದಷ್ಟು ಸುಲಭವಲ್ಲ. ದಣಿದ ಮೇಲೆ ಕೂರುವುದಲ್ಲ, ದಣಿಯುವ ಮೊದಲೇ ಕೂರಬೇಕು. ಮೈ ಹಗುರಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡುವ ಆಸೆಯೇ ದೊಡ್ಡ ಶತ್ರು. ಒಳ್ಳೆಯ ದಿನದಲ್ಲೂ ಕೆಟ್ಟ ದಿನದ ಲೆಕ್ಕವನ್ನು ಮರೆಯಬಾರದು. ಕುಸಿದಾಗ ಇಂದು ಏನು ಮಾಡಿದೆ ಎಂದು ಹುಡುಕಿ ಫಲವಿಲ್ಲ, ನಿನ್ನೆ ಮೊನ್ನೆಯ ದಿನಚರಿ ನೋಡಬೇಕು. ಕೆಲವರು ಕೈಗೆ ನಾಡಿಬಡಿತ ತೋರುವ ಗಡಿಯಾರ ಕಟ್ಟಿಕೊಂಡು, ಬಡಿತ ಒಂದು ಮಿತಿ ಮುಟ್ಟಿದೊಡನೆ ನಿಲ್ಲುತ್ತಾರೆ. ಓದು, ಮಾತು, ಚಿಂತೆ ಕೂಡ ಖರ್ಚಿನ ಬಾಬ್ತುಗಳೇ. ಹಾಗೆಂದು ಇದು ವೈರ್ ಮಿಚೆಲ್ಲನ ಹಾಸಿಗೆಯೂ ಅಲ್ಲ. ಆಗುವಷ್ಟನ್ನು ಮಾಡುತ್ತಲೇ ಇರಬೇಕು; ಎಷ್ಟು ಎಂದು ಹೇಳುವವರು ರೋಗಿಗಳು.

ಹೇಳಿದರೆ ನಂಬುವವರು ಬೇಕಲ್ಲ? 2006ರಲ್ಲಿ ಚಿಕೂನ್‌ಗುನ್ಯಾ ಮೂರು ದಶಕಗಳ ನಂತರ ಮರಳಿ ಬಂದಾಗ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಕರ್ನಾಟಕದ್ದೇ 7.5 ಲಕ್ಷ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಕೀಲುನೋವು ತಿಂಗಳುಗಟ್ಟಲೆ ಉಳಿದದ್ದು ಎಲ್ಲರ ಕಣ್ಣಿಗೂ ಬಿತ್ತು. ಅದೇ ಹೊತ್ತಿಗೆ ಅದೇ ಜ್ವರ ಹಬ್ಬಿದ್ದ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಎರಡು ವರ್ಷಗಳ ನಂತರವೂ ಕೀಲುನೋವಿನ ಜತೆಗೆ ದೀರ್ಘ ದಣಿವು ಉಳಿದಿತ್ತೆಂದು ಸಂಶೋಧಕರು ದಾಖಲಿಸಿದ್ದಾರೆ. ಇಲ್ಲಿ ಆ ದಣಿವಿಗೆ ಬೇರೆ ಕಾಲಂ ಇರಲಿಲ್ಲ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಾತಾಡಿಸಿದ 2,494 ಹೆಂಗಸರಲ್ಲಿ ನೂರಕ್ಕೆ 12 ಮಂದಿ ಆರು ತಿಂಗಳಿಗೂ ಮಿಕ್ಕಿದ ದಣಿವನ್ನು ಹೇಳಿಕೊಂಡಿದ್ದರು. ಇವರೆಲ್ಲರಿಗೂ ಈ ಲೇಖನದ ಕಾಯಿಲೆ ಇತ್ತೆಂದಲ್ಲ. ಸಾಲ, ಹಸಿವು, ಮನಸ್ಸಿನ ಸಂಕಟಗಳ ನಂಟು ಅಲ್ಲಿ ಎದ್ದು ಕಂಡಿತು. ರಕ್ತಹೀನತೆಯ ನಂಟು ಮಾತ್ರ ಕಾಣಲಿಲ್ಲ. ದಣಿದೆ ಎಂದ ಹೆಂಗಸಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವ ರೂಢಿಯನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಈ ಕಾಯಿಲೆಯ ಹೆಸರಿಲ್ಲ. ಸರ್ಟಿಫಿಕೇಟು ಸಿಗದಿದ್ದರೂ ಮನೆಯಲ್ಲಿ ಆಗಬಹುದಾದ ಕೆಲವು ಬದಲಾವಣೆಗಳಿವೆ: ರೊಟ್ಟಿಯನ್ನು ಒಂದೇ ಬಾರಿಗೆ ಬಡಿದು ಮುಗಿಸದೆ ನಾಲ್ಕು ಬಡಿದು ಒರಗುವುದು, ನೀರು ತರುವ ದಿನ ಬಟ್ಟೆ ಒಗೆಯದಿರುವುದು, ಚಿಂಚಲಿ ಮಾಯಕ್ಕನ ಜಾತ್ರೆಗೆ ನಡೆದು ಹೋಗುವ ಹರಕೆಯನ್ನು ಗಾಡಿಯಲ್ಲಿ ಕೂತು ತೀರಿಸುವುದು. ಇಷ್ಟಕ್ಕಾದರೂ ಉಳಿದ ಕೆಲಸಕ್ಕೆ ಮನೆಯ ಇನ್ನೊಬ್ಬರು ಕೈ ಹಚ್ಚಬೇಕು. ಕಬ್ಬಿನ ಗದ್ದೆಯಲ್ಲಿ ಆ ಇನ್ನೊಬ್ಬರೂ ಇರುವುದಿಲ್ಲ. ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿ ಒಂದು ಲೆಕ್ಕ. ಮರಾಠಿಯಲ್ಲಿ ಈ ಜೋಡಿಗೆ ಕಡಿಯುವ ಕತ್ತಿಯ ಹೆಸರೇ, ‘ಕೊಯ್ತಾ’. ಜೋಡಿಯಲ್ಲಿ ಒಬ್ಬರು ಮಲಗಿದ ದಿನ ಇಬ್ಬರ ಟನ್ನೂ ನಿಲ್ಲುತ್ತದೆ, ಮುಂಗಡ ಹಾಗೆಯೇ ಉಳಿಯುತ್ತದೆ.